ಜ್ವರದ ಹೆಸರು ತಿಳಿಯುವ ಮೊದಲು

ಪ್ರಶ್ನೆ: ನನ್ನ ಮಗಳು ದುಬೈಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಹಕ್ಕಿಜ್ವರ, ಹೊಸ ಫ್ಲೂ ಎಂದು ಪೇಪರಿನಲ್ಲಿ ಓದಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಕೋವಿಡ್ ಥರ ಒಂದು ಫ್ಲೂ ಜಗತ್ತಿಗೆಲ್ಲ ಹಬ್ಬಿದರೆ ಅಲ್ಲಿನ ಆಸ್ಪತ್ರೆಗಳು ತಮ್ಮವರನ್ನು ಹೇಗೆ ಕಾಪಾಡಿಕೊಳ್ಳುತ್ತವೆ? ಅವಳಿಗೆ ವರ್ಷ ವರ್ಷ ಫ್ಲೂ ಲಸಿಕೆ ಹಾಕುತ್ತಾರೆ. ಅದು ಸಾಲದೆ?
- ಓದುಗರೊಬ್ಬರು, ಕುಂದಾಪುರ

ಲಸಿಕೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ವರ್ಷ ವರ್ಷ ಹಾಕುವ ಲಸಿಕೆ ಆಯಾ ಕಾಲಕ್ಕೆ ಓಡಾಡುತ್ತಿರುವ ತಳಿಗಳನ್ನು ನೋಡಿ ತಯಾರಿಸಿದ್ದು. ಜಗತ್ತಿಗೆಲ್ಲ ಹಬ್ಬುವ ಫ್ಲೂ ಹುಟ್ಟುವುದು ನಮ್ಮ ಮೈಗೆ ಪರಿಚಯವೇ ಇಲ್ಲದ ಹೊಸ ತಳಿಯಿಂದ. ಅದಕ್ಕೆ ಲಸಿಕೆ ಸಿದ್ಧವಾಗಲು ಐದಾರು ತಿಂಗಳಾದರೂ ಹಿಡಿಯುತ್ತದೆ. 2009ರ ಏಪ್ರಿಲ್‌ನಲ್ಲಿ ಎಚ್1ಎನ್1 ಪತ್ತೆಯಾಯಿತು. ಮೇ ತಿಂಗಳಲ್ಲೇ ಅದು ವಿಮಾನ ಹತ್ತಿ ಯುಎಇಗೂ ಭಾರತಕ್ಕೂ ಬಂದಿಳಿಯಿತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿತು. ಲಸಿಕೆ ಬಳಕೆಗೆ ಬರುವಷ್ಟರಲ್ಲಿ ಮಳೆಗಾಲ ಮುಗಿಯುತ್ತ ಬಂದಿತ್ತು. ನಡುವಿನ ಆ ತಿಂಗಳುಗಳನ್ನು ಆಸ್ಪತ್ರೆ ಬೇರೆ ಉಪಾಯಗಳಿಂದಲೇ ದಾಟಬೇಕು.

ಯಾವ ಉಪಾಯ ಎಂಬುದನ್ನು ಅಬುಧಾಬಿ ಕಷ್ಟಪಟ್ಟು ಕಲಿತಿದೆ. ಅದನ್ನು ಕಲಿಸಿದ್ದು ಫ್ಲೂ ಅಲ್ಲ, ಮರ್ಸ್ ಎಂಬ ಕೊರೊನಾ ಜಾತಿಯ ಜ್ವರ. 2013ರ ಜನವರಿಯಿಂದ 2014ರ ಮೇವರೆಗೆ ಅಬುಧಾಬಿ ಎಮಿರೇಟ್‌ನಲ್ಲಿ ಪತ್ತೆಯಾದ 65 ಮಂದಿಯಲ್ಲಿ 27 ಮಂದಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳ ನಂಟಿನಿಂದ. ಒಂದೇ ಆಸ್ಪತ್ರೆಯಲ್ಲಿ 20 ಮಂದಿಗೆ ಹರಡಿತ್ತು. ಆಮೇಲೆ ಪರಿಣತರು ಕೂತು ಬಿಡಿಸಿ ನೋಡಿದಾಗ ಕಂಡದ್ದು ಇದು: ಹೆಚ್ಚಿನ ಸೋಂಕು ದಾಟಿದ್ದು ರೋಗಿಗೆ ಮರ್ಸ್ ಎಂದು ಗೊತ್ತಾಗುವ ಮೊದಲೇ. ಗೊತ್ತಾದ ಮೇಲೆ ಎಲ್ಲರೂ ಜಾಗರೂಕರಾಗುತ್ತಾರೆ. ಅಪಾಯವಿರುವುದು ಸಾಮಾನ್ಯ ಕೆಮ್ಮು ಎಂದುಕೊಂಡು ಎಮರ್ಜೆನ್ಸಿಯಲ್ಲಿ ಕೂರಿಸಿಕೊಂಡ ಆ ಮೊದಲ ಗಂಟೆಗಳಲ್ಲಿ.

ಹಾಗಾಗಿ ನಿಜವಾದ ತಡೆ ಬಾಗಿಲಲ್ಲೇ ನಡೆಯಬೇಕು. ಕೆಮ್ಮು, ಜ್ವರ ಎಂದು ಬಂದವರಿಗೆ ಹೆಸರು ಬರೆಸಿಕೊಳ್ಳುವ ಮೊದಲೇ ಮಾಸ್ಕ್ ಕೊಟ್ಟು, ಎಲ್ಲಿಂದ ಬಂದಿರಿ ಎಂದು ಕೇಳಿ, ಬೇರೆ ಕಡೆ ಕೂರಿಸಬೇಕು. ಲ್ಯಾಬ್ ರಿಪೋರ್ಟಿಗೆ ಕಾಯಬಾರದು. ದಿನವೂ ನಾನಾ ದೇಶಗಳ ವಿಮಾನ ಇಳಿಯುವ ದುಬೈಯಂಥ ಊರಿನಲ್ಲಿ ‘ಎಲ್ಲಿಂದ ಬಂದಿರಿ’ ಎಂಬ ಪ್ರಶ್ನೆಗೆ ಥರ್ಮಾಮೀಟರಿಗಿಂತ ಹೆಚ್ಚು ಬೆಲೆಯಿದೆ ಎಂಬುದು ನನ್ನ ಗಟ್ಟಿ ನಂಬಿಕೆ. ಏಕೆಂದರೆ ಫ್ಲೂ ಅಂಟಿದವರು ಲಕ್ಷಣ ಕಾಣುವ ಒಂದು ದಿನ ಮುಂಚೆಯೇ ಅದನ್ನು ಹರಡಬಲ್ಲರು, ಆಗ ಮೈ ಬಿಸಿಯೇ ಇರುವುದಿಲ್ಲ. ಫ್ಲೂ ಜೋರಾದಾಗ ಆಸ್ಪತ್ರೆಯೊಳಗೆ ಎಲ್ಲರೂ ಮಾಸ್ಕ್ ಹಾಕಬೇಕು ಎನ್ನುವುದೂ ಇದಕ್ಕೇ.

ಇನ್ನು ಮಾಸ್ಕ್ ವಿಚಾರ. ಮಾಮೂಲಿ ಫ್ಲೂಗೆ ಸರ್ಜಿಕಲ್ ಮಾಸ್ಕ್ ನಡೆಯುತ್ತದೆ. ಹೊಸ ತಳಿಗೆ, ಇಲ್ಲವೇ ಉಸಿರಿನ ಕೊಳವೆ ಹಾಕುವಂಥ ಕೆಲಸಕ್ಕೆ ಎನ್95 ಬೇಕು. ಆದರೆ ಎನ್95 ಮುಖಕ್ಕೆ ಬಿಗಿಯಾಗಿ ಕೂರದಿದ್ದರೆ ಇದ್ದೂ ಇಲ್ಲದಂತೆ. ಅದನ್ನು ನೋಡಲು ಫಿಟ್ ಟೆಸ್ಟ್ ಮಾಡುತ್ತಾರೆ. ನಿಮ್ಮ ಮಗಳೂ ಅದಕ್ಕೆ ಕೂತಿರಬಹುದು, ಕೇಳಿ ನೋಡಿ. ಮಾಸ್ಕ್ ಹಾಕಿಸಿ, ತಲೆಯ ಮೇಲೊಂದು ಪಾರದರ್ಶಕ ಮುಸುಕು ಇಳಿಸಿ, ಅದರೊಳಗೆ ಸಿಹಿ ಅಥವಾ ಕಹಿ ದ್ರವ ಸಿಂಪಡಿಸುತ್ತಾರೆ. ಜೋರಾಗಿ ಉಸಿರಾಡಬೇಕು, ಕತ್ತು ಆಚೀಚೆ ತಿರುಗಿಸಬೇಕು, ಬಗ್ಗಬೇಕು, ಮಾತಾಡಬೇಕು. ನಾಲಿಗೆಗೆ ರುಚಿ ಹತ್ತಿತೆಂದರೆ ಮಾಸ್ಕ್ ಸೋರುತ್ತಿದೆ ಎಂದರ್ಥ, ಬೇರೆ ಅಳತೆ ಹುಡುಕಬೇಕು. ಗಡ್ಡವಿದ್ದವರಿಗೆ ಅದು ಕೂರುವುದೇ ಇಲ್ಲ. ಅಂಥವರಿಗೆ ಬ್ಯಾಟರಿಯಿಂದ ಶುದ್ಧ ಗಾಳಿ ಊದುವ ಮುಸುಕು ಕೊಡುವುದುಂಟು.

ಐಸೋಲೇಷನ್ ಕೋಣೆಯಲ್ಲಿ ಗಾಳಿ ಒಳಕ್ಕೆ ಮಾತ್ರ ಎಳೆದುಕೊಳ್ಳುವಂತೆ ಮಾಡಿರುತ್ತಾರೆ, ಕಾರಿಡಾರಿಗೆ ನುಗ್ಗುವುದಿಲ್ಲ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲೂ ತೇಲುವ ಕಣಗಳು ನೂರಕ್ಕೆ 99ರಷ್ಟು ಹೋಗಲು ಸುಮಾರು 23 ನಿಮಿಷ ಬೇಕು. ರೋಗಿಯನ್ನು ಆಚೆ ಸಾಗಿಸಿದ ಕೂಡಲೇ ಮಾಸ್ಕ್ ತೆಗೆದು ಹಾಸಿಗೆ ಬದಲಿಸಲು ನಿಲ್ಲಬಾರದು.

ರೋಗಿಯ ಬಳಿ ಇಷ್ಟೆಲ್ಲ ಜಾಗ್ರತೆ ಮಾಡುವವರು ಎಚ್ಚರ ತಪ್ಪುವುದು ಪ್ಯಾಂಟ್ರಿಯಲ್ಲಿ. ಹನ್ನೆರಡು ಗಂಟೆ ಡ್ಯೂಟಿಯ ನಡುವೆ ನಾಲ್ವರು ಮಾಸ್ಕ್ ತೆಗೆದು ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ, ಆಮೇಲೆ ಒಂದೇ ಸ್ಟಾಫ್ ಬಸ್ಸು, ಒಂದೇ ಫ್ಲಾಟಿನಲ್ಲಿ ಮೂವರು. ಜ್ವರ ಬಂದ ನರ್ಸ್ ರಜೆ ಹಾಕದೆ ಡ್ಯೂಟಿಗೆ ಬಂದರೆ ಬಾಗಿಲಲ್ಲಿ ಮಾಡಿದ ತಪಾಸಣೆಯೆಲ್ಲ ನೀರಿನಲ್ಲಿ ಹೋಮ. ಆದರೆ ಬರುವವರನ್ನು ಬೈದು ಏನೂ ಪ್ರಯೋಜನವಿಲ್ಲ. ಯುಎಇಯ ಖಾಸಗಿ ವಲಯದ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ 90 ದಿನ ಅನಾರೋಗ್ಯ ರಜೆ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದೆ. ಪ್ರೊಬೇಷನ್‌ನಲ್ಲಿ ಇರುವವರಿಗೆ ಸಂಬಳ ಸಹಿತ ರಜೆಯ ಹಕ್ಕೇ ಇಲ್ಲ. ಊರಲ್ಲಿ ಸಾಲ ತೀರಿಸಬೇಕಾದ ಹೊಸ ಹುಡುಗಿ ಪ್ಯಾರಾಸಿಟಮಾಲ್ ನುಂಗಿ ಡ್ಯೂಟಿಗೆ ಹೋಗುವುದು ಇದರಿಂದಲೇ. ಫ್ಲೂ ಕಾಲದಲ್ಲಾದರೂ ಜ್ವರ ಬಂದವರ ಸಂಬಳ ಹಿಡಿಯುವುದಿಲ್ಲ ಎಂದು ಆಸ್ಪತ್ರೆಗಳು ಬರವಣಿಗೆಯಲ್ಲೇ ಹೇಳಬೇಕು. ಲಕ್ಷಗಟ್ಟಲೆ ಕೊಟ್ಟು ತರಿಸುವ ಯಂತ್ರಗಳಷ್ಟೇ ಇದೂ ಸೋಂಕು ತಡೆಯುವ ಕೆಲಸ.

ನಿಮ್ಮ ಮಗಳಿಗೆ ಎರಡು ಮಾತು ಹೇಳಿ. ಮೈ ಕಾದರೆ ಬಸ್ ಹತ್ತುವ ಮೊದಲೇ ಇನ್‌ಚಾರ್ಜ್‌ಗೆ ಫೋನ್ ಮಾಡಿ ಪರೀಕ್ಷೆ ಮಾಡಿಸಿಕೊಳ್ಳಲಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ತೆಗೆದುಕೊಂಡರೆ. ಸ್ಟೋರಿನವರು ಬೇರೆ ಕಂಪನಿಯ ಎನ್95 ತರಿಸಿದ್ದರೆ ಹಳೆಯ ಫಿಟ್ ಟೆಸ್ಟ್ ಅದಕ್ಕೆ ನಡೆಯುವುದಿಲ್ಲ. ಹೊಸದಾಗಿ ಮಾಡಿಸಿ ಎಂದು ಸಂಕೋಚವಿಲ್ಲದೆ ಕೇಳಲಿ.