ಎರಡನೆಯ ಸ್ಪರ್ಶ: ಕುಡಿತ ಬಿಟ್ಟ ಮೇಲಿನ ತಿಂಗಳುಗಳು



ರೋಣ ತಾಲ್ಲೂಕಿನ ಯಾವಗಲ್ಲಿನಂಥ ಒಂದು ಊರನ್ನು, ಆ ಊರಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಎರೆ ಹೊಲದಲ್ಲಿ ಕಡಲೆ, ಬಿಳಿಜೋಳ ಬೆಳೆಯುವ ಕುಟುಂಬ. ಹತ್ತು ಹದಿನೈದು ವರ್ಷ ಕುಡಿದ ಯಜಮಾನ ಕೊನೆಗೂ ಕುಡಿತ ಬಿಟ್ಟಿದ್ದಾನೆ. ಶಿಬಿರಕ್ಕೆ ಹೋಗಿ ಬಂದ, ಪಾಪನಿವೇದನೆ ಮಾಡಿದ, ದೇವರ ಪೀಠದ ಮುಂದೆ ಮಾತು ಕೊಟ್ಟ. ಅಂದು ಮನೆಯಲ್ಲಿ ಹೋಳಿಗೆಯ ಊಟವೂ ಆಯಿತು. ಎರಡು ತಿಂಗಳು ಕಳೆದ ಮೇಲೆ ಅವನ ಹೆಂಡತಿ ಗುರುಗಳ ಬಳಿಗೆ ಬಂದು ಮೆಲ್ಲಗೆ ಹೇಳುತ್ತಾಳೆ: “ಫಾದರ್, ಕುಡಿಯೂದೇನೋ ಬಿಟ್ಟಾರ್ರಿ. ಆದ್ರ ನಮ್ಮ ಮನ್ಯಾವ್ರು ಮೊದಲಿಗಿಂತ ಸಿಡುಕ ಆಗ್ಯಾರ. ರಾತ್ರಿ ನಿದ್ದಿ ಇಲ್ಲ, ಯಾರ ಕೂಡಾನೂ ಮಾತಿಲ್ಲ. ಕುಡೀತಿದ್ದಾಗನ ಎಷ್ಟೋ ಪಾಡಿತ್ತು ಅನಸ್ತೈತ್ರಿ.”

ಇಂಥ ಮಾತು ನಮ್ಮ ಗುರುಗಳಿಗೆ ಹೊಸದಲ್ಲ. ಆ ತಾಯಿ ಸುಳ್ಳು ಹೇಳುತ್ತಿಲ್ಲ. ಅವಳ ಗಂಡನೂ ತನ್ನೊಳಗೆ ಇನ್ನೊಂದು ಪ್ರಶ್ನೆಯನ್ನು ಇಟ್ಟುಕೊಂಡು ಕೊರಗುತ್ತಿರುತ್ತಾನೆ: “ನಾನು ಬಿಟ್ಟರೂ ಇದು ನನ್ನನ್ನು ಬಿಡುತ್ತಿಲ್ಲವಲ್ಲ. ದೇವರು ನನ್ನನ್ನು ಕ್ಷಮಿಸಿಲ್ಲವೇ?” ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಹೋದರೆ ಅವನು ಮತ್ತೆ ಅಂಗಡಿಯ ದಾರಿ ಹಿಡಿಯುವ ಸಂಭವ ಬಹಳ. ಆದ್ದರಿಂದ ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲ ವಾರದ ಅಪಾಯ

ಬಹುಕಾಲ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ, ಗಾಬರಿ ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿದಂತಾಗಿ, ಇಲ್ಲದ ಹುಳಹುಪ್ಪಟೆ ಮೈಮೇಲೆ ಹರಿದಾಡಿದಂತೆ ಕಾಣುತ್ತದೆ. ಇದು ದೆವ್ವದ ಕಾಟವಲ್ಲ, ಪ್ರಾಣಕ್ಕೇ ಅಪಾಯವಿರುವ ಕಾಯಿಲೆ. ಆದುದರಿಂದ ಅಂಥವರನ್ನು ಮನೆಯಲ್ಲಿ ಕೋಣೆಗೆ ಹಾಕಿ ಬಿಡಿಸುವ ಸಾಹಸ ಬೇಡ. ವೈದ್ಯರ ಕಣ್ಣೆದುರಿನಲ್ಲೇ ಬಿಡಿಸಬೇಕು. ಅವರು ಕೊಡುವ ಬಿ-1 ಜೀವಸತ್ವ ಮಿದುಳನ್ನು ಕಾಪಾಡುತ್ತದೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಾಡಿನ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೀವು ಬಲ್ಲಿರಿ. ಅವು ಸಾಮಾನ್ಯವಾಗಿ ಎಂಟು ದಿನಗಳವು. ಮದ್ಯ ಶರೀರದಿಂದ ಇಳಿದುಹೋಗಲು ಒಂದು ವಾರ ಸಾಕು. ಆದರೆ ಶಿಬಿರ ಮುಗಿದ ಮೇಲೂ ಅವರು “ನವಜೀವನ ಸಮಿತಿ” ಎಂದು ಕೂಟ ಕಟ್ಟಿ, ಕುಡಿತ ಬಿಟ್ಟವರನ್ನು ಮತ್ತೆ ಮತ್ತೆ ಸೇರಿಸುತ್ತಾರೆ. ಎಂಟು ದಿನಕ್ಕೆ ಎಲ್ಲವೂ ಮುಗಿಯುವಂತಿದ್ದರೆ ಆ ಕೂಟದ ಅಗತ್ಯವೇ ಇರುತ್ತಿರಲಿಲ್ಲ.

ಆಮೇಲಿನ ತಿಂಗಳುಗಳು

ತುಂಬಿದ ಬಂಡಿಯನ್ನು ಏರಿಗೆ ಎಳೆಯುವ ಎತ್ತುಗಳನ್ನು ನೋಡಿದ್ದೀರಿ. ಭಾರ ಹಿಂದಕ್ಕೆ ಜಗ್ಗಿದಷ್ಟೂ ಅವು ಮುಂದಕ್ಕೆ ಬಿಗಿಯುತ್ತವೆ. ಆಗ ಹಗ್ಗ ಹರಿದು ಭಾರ ಕಳಚಿದರೆ ಎತ್ತುಗಳು ಮುಗ್ಗರಿಸುತ್ತವೆ. ಮದ್ಯವು ಮಿದುಳನ್ನು ದಿನವೂ ಮಂಕುಗೊಳಿಸುತ್ತದೆ. ಅದನ್ನು ಎದುರಿಸಲು ಮಿದುಳು ವರ್ಷಗಟ್ಟಲೆ ತನ್ನನ್ನು ತಾನೇ ಬಿಗಿಹಿಡಿದು ಉದ್ರೇಕದಲ್ಲಿಟ್ಟುಕೊಂಡಿರುತ್ತದೆ. ಮದ್ಯ ಹೋದರೂ ಆ ಬಿಗಿ ಕೂಡಲೇ ಸಡಿಲವಾಗದು. ನಿದ್ದೆ ಬಾರದಿರುವುದು, ಕಾರಣವಿಲ್ಲದ ಕಳವಳ, ಸಿಡುಕು, ಮರೆವು, ಒಂದು ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಇದ್ದಕ್ಕಿದ್ದಂತೆ ಕುಡಿಯುವ ಆಸೆ – ಇವೆಲ್ಲ ಆ ಬಿಗಿಯ ಗುರುತುಗಳು. ಖಾರಕ್ಕೆ ಒಗ್ಗಿದ ನಾಲಿಗೆಗೆ ಮೊಸರನ್ನದ ರುಚಿ ತಿಳಿಯದ ಹಾಗೆ, ಮಕ್ಕಳ ನಗು, ಹಬ್ಬದ ಊಟ ಯಾವುದೂ ಕೆಲಕಾಲ ಅವನಿಗೆ ಸಂತೋಷ ಕೊಡುವುದಿಲ್ಲ.

ಇದು ಕೆಲವರಲ್ಲಿ ಕೆಲವು ವಾರ, ಹಲವರಲ್ಲಿ ಕೆಲವು ತಿಂಗಳು, ಇನ್ನು ಕೆಲವರಲ್ಲಿ ವರ್ಷಕ್ಕೂ ಮಿಕ್ಕಿ ಇರಬಹುದು. ಒಂದೇ ಸಮನೆ ಇರುವುದಿಲ್ಲ, ಅಲೆಯಂತೆ ಬಂದು ಹೋಗುತ್ತದೆ. ಹತ್ತು ದಿನ ಚೆನ್ನಾಗಿದ್ದು ಹನ್ನೊಂದನೆಯ ದಿನ ಕೆಟ್ಟದಾಗಿರಬಹುದು. ಕುಡಿಯದೆ ಉಳಿದರೆ ಈ ಕೆಟ್ಟ ದಿನಗಳು ಕ್ರಮೇಣ ವಿರಳವಾಗುತ್ತವೆ.

ವಿಶ್ವಾಸದ ಬೆಳಕಿನಲ್ಲಿ

ಮಾರ್ಕನ ಶುಭಸಂದೇಶದ 8ನೆಯ ಅಧ್ಯಾಯದಲ್ಲಿ (22-26) ಬೆತ್ಸಾಯಿದದ ಕುರುಡನ ಪ್ರಸಂಗವಿದೆ. ಯೇಸುಸ್ವಾಮಿ ಅವನ ಕೈಹಿಡಿದು ಊರಾಚೆಗೆ ಕರೆದೊಯ್ದು ಮುಟ್ಟುತ್ತಾರೆ. ಏನಾದರೂ ಕಾಣಿಸುತ್ತದೆಯೇ ಎಂದು ಕೇಳುತ್ತಾರೆ. ಅವನು ಸ್ವಾಮಿಯನ್ನು ಮೆಚ್ಚಿಸಲು ಎಲ್ಲ ಕಾಣುತ್ತದೆ ಎನ್ನುವುದಿಲ್ಲ. ಜನರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಎಂದು ಇದ್ದದ್ದನ್ನೇ ಹೇಳುತ್ತಾನೆ. ಸ್ವಾಮಿ ಅವನನ್ನು ಅಲ್ಪವಿಶ್ವಾಸಿ ಎಂದು ಗದರುವುದಿಲ್ಲ. ಎರಡನೆಯ ಸಲ ಮುಟ್ಟುತ್ತಾರೆ. ಆಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ.

13ನೆಯ ಶತಮಾನದ ಮಹಾಪಂಡಿತ ಸಂತ ತೋಮಸ್ ಅಕ್ವಿನಾಸರು ತಮ್ಮ “ಸುಮ್ಮಾ ಥಿಯೊಲೊಜಿಯೆ” ಗ್ರಂಥದ ಮೂರನೆಯ ಭಾಗದಲ್ಲಿ, ಪಾಪ ಕ್ಷಮಿಸಲ್ಪಟ್ಟ ಮೇಲೆ ಅದರ ಶೇಷ ಉಳಿಯುವುದೇ ಎಂದು ಪ್ರಶ್ನಿಸಿ, ಇದೇ ಕುರುಡನನ್ನು ಉದಾಹರಿಸುತ್ತಾರೆ. ಅವರ ಉತ್ತರದ ಸಾರ ಇದು: ಕ್ಷಮೆಯಿಂದ ಅಪರಾಧ ಅಳಿಯುತ್ತದೆ. ಆದರೆ ಹಿಂದಿನ ಕೃತ್ಯಗಳಿಂದ ಬೆಳೆದ ಒಲವು ದುರ್ಬಲವಾಗಿಯಾದರೂ ಉಳಿಯಬಹುದು. ವರಪ್ರಸಾದವು ಅದನ್ನು ಕೆಲವೊಮ್ಮೆ ಒಮ್ಮೆಲೇ, ಹಲವೊಮ್ಮೆ ಮೆಲ್ಲಮೆಲ್ಲಗೆ ವಾಸಿಮಾಡುತ್ತದೆ.

ಆದ್ದರಿಂದ, ಕುಡಿತ ಬಿಟ್ಟ ಸಹೋದರನೇ, ಕುಡಿಯುವ ಆಸೆ ಬಂದಿತೆಂಬುದೇ ಪಾಪವಲ್ಲ. ನಿದ್ದೆ ಬಾರದ ರಾತ್ರಿ ದೇವರ ಶಾಪವಲ್ಲ. ನೀನು ಮೊದಲ ಸ್ಪರ್ಶಕ್ಕೂ ಎರಡನೆಯ ಸ್ಪರ್ಶಕ್ಕೂ ನಡುವೆ ನಿಂತಿರುವೆ. ನಿನ್ನನ್ನು ಮುಟ್ಟಿದ ಕೈ ಇನ್ನೂ ಅಲ್ಲಿಯೇ ಇದೆ. ಗಾಢವಾದ ಅಭ್ಯಾಸವು ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಲ್ಲದೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶವೂ (1735) ತಿಳಿಸುತ್ತದೆ. ಇದು ಮತ್ತೆ ಕುಡಿಯಲು ಪರವಾನಗಿಯಲ್ಲ, ಎದೆಗುಂದದಿರಲು ಕಾರಣ.

ಬಿಟ್ಟವರಿಗೆ ಕೆಲವು ಸೂಚನೆಗಳು

1. ಊರಾಚೆಯ ದಾರಿ ಹಿಡಿಯಿರಿ. ಸ್ವಾಮಿ ಆ ಕುರುಡನನ್ನು ವಾಸಿಮಾಡಿದ ಮೇಲೆ ಊರೊಳಗೆ ಹೋಗದೆ ನೇರ ಮನೆಗೆ ಹೋಗಲು ಹೇಳಿದರು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಆದರೆ ಬ್ರಾಂಡಿ ಅಂಗಡಿಗಳು ಉಳಿದವು. ಸಂತೆಯ ದಿನ, ಕೂಲಿ ಬಟವಾಡೆಯ ದಿನ, ಮಾಲು ಮಾರಿ ಕೈಗೆ ಹಣ ಬಂದ ದಿನ ಆ ಅಂಗಡಿಯ ಮುಂದಿನ ದಾರಿ ಬೇಡ, ಹಳೆಯ ಸಂಗಡಿಗರೂ ಬೇಡ.

2. ನಾಲ್ಕನ್ನು ಗಮನಿಸಿ: ಹಸಿವು, ಸಿಟ್ಟು, ಒಂಟಿತನ, ದಣಿವು. ಆಸೆ ಎದ್ದಾಗ ಇವುಗಳಲ್ಲಿ ಯಾವುದು ಕಾಡುತ್ತಿದೆಯೆಂದು ಕೇಳಿಕೊಳ್ಳಿ. ಹೊತ್ತಿಗೆ ಸರಿಯಾಗಿ ರೊಟ್ಟಿ, ಕಾಳುಪಲ್ಯ, ಮೊಸರು ಉಣ್ಣಿ. ಆಸೆಯ ಅಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಹೊಲದ ಕಡೆ ನಡೆಯಿರಿ, ಒಂದು ಜಪಸರ ಹೇಳಿ, ನಂಬಿಕೆಯ ಒಬ್ಬರಿಗೆ ಫೋನ್ ಮಾಡಿ.

3. ನಿದ್ದೆಗೆ ಆತುರ ಬೇಡ. ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಸಂಜೆಯ ಮೇಲೆ ಚಹಾ ಬೇಡ. ಚೀಟಿಯಿಲ್ಲದೆ ನಿದ್ದೆಗುಳಿಗೆ ಕೊಳ್ಳಬೇಡಿ. ಅದೇ ಇನ್ನೊಂದು ಚಟವಾದೀತು. ಅರಿಷ್ಟ, ಆಸವ, ಕೆಲವು ಟಾನಿಕ್‌ಗಳಲ್ಲಿಯೂ ಮದ್ಯಾಂಶವಿರುತ್ತದೆ, ಎಚ್ಚರ.

4. ಔಷಧಿಗೆ ನಾಚಬೇಡಿ. ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಮಾತ್ರೆಗಳಿವೆ. ಯಾರಿಗೆ ಯಾವುದೆಂದು ವೈದ್ಯರೇ ಹೇಳಬೇಕು.

5. ಕೂಟ ಬಿಡಬೇಡಿ. ಇಬ್ಬರು ಮದ್ಯವ್ಯಸನಿಗಳು ಒಬ್ಬರಿಗೊಬ್ಬರು ನೆರವಾದುದರಿಂದ 1935ರಲ್ಲಿ ಅಮೆರಿಕದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ತನ್ನ ಕಷ್ಟ ತಿಳಿದವನ ಮುಂದೆ ಮನಸ್ಸು ಬೇಗ ತೆರೆಯುತ್ತದೆ.

6. ಪರಮಪ್ರಸಾದವನ್ನು ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿ. ಅದರಲ್ಲಿಯೇ ಕ್ರಿಸ್ತರು ಸಂಪೂರ್ಣವಾಗಿದ್ದಾರೆ. ಗುರುಗಳಿಗೂ ಈ ರೋಗ ತಪ್ಪಿದ್ದಲ್ಲ. ಅಂಥ ಗುರುಗಳು ಅನುಮತಿ ಪಡೆದು ಹುದುಗು ಬಾರದ ದ್ರಾಕ್ಷಿರಸದಿಂದ ಬಲಿಪೂಜೆ ಅರ್ಪಿಸಬಹುದೆಂದು 2003ರ ರೋಮ್ ಸುತ್ತೋಲೆ ತಿಳಿಸಿದೆ.

ಮನೆಯವರಿಗೆ ಎರಡು ಮಾತು

ತಾಯಿ, ನಿಮ್ಮ ದಣಿವನ್ನು ದೇವರು ಬಲ್ಲರು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಜನರೂ ಮರುಭೂಮಿಯಲ್ಲಿ ಹಸಿದಾಗ, ಅಲ್ಲಿನ ಮಾಂಸದ ಗಡಿಗೆಗಳನ್ನೇ ನೆನೆದು ಗೊಣಗಿದರು (ವಿಮೋಚನಕಾಂಡ 16). “ಕುಡೀತಿದ್ದಾಗನ ಪಾಡಿತ್ತು” ಎಂಬುದೂ ಮರುಭೂಮಿಯ ಮಾತೇ. ಅದನ್ನು ಗುರುಗಳ ಮುಂದೆ ಹೇಳಿ, ಗೆಳತಿಯ ಮುಂದೆ ಹೇಳಿ. ಗಂಡನ ಮುಂದೆ ಮಾತ್ರ ಸಿಟ್ಟಿನಲ್ಲಿ ಆಡಬೇಡಿ. ಅವನಿಗೆ ಅದೊಂದು ನೆಪವಾದೀತು. ಆದರೆ ಕಾಯಿಲೆಯ ಹೆಸರಿನಲ್ಲಿ ಹೊಡೆತ ಬಡಿತವನ್ನು ಸಹಿಸಬೇಕಾಗಿಲ್ಲ. ಸಿಡುಕು ಬೇರೆ, ಹಿಂಸೆ ಬೇರೆ. ಹಿಂಸೆ ನಡೆದರೆ ಮಕ್ಕಳೊಂದಿಗೆ ಸುರಕ್ಷಿತ ಜಾಗಕ್ಕೆ ಹೋಗಿ, ಸಹಾಯ ಕೇಳಿ.

ಇನ್ನೊಂದು ಮುಖ್ಯ ಎಚ್ಚರಿಕೆ. ಕುಡಿತ ಬಿಡಿಸುವ ಪುಡಿ, ಮಾತ್ರೆಗಳನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವವರಿದ್ದಾರೆ. ಡೈಸಲ್ಫಿರಾಂ ಎಂಬ ಮಾತ್ರೆ ದೇಹದಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರು ಹೇಳಿದಂತೆಯೇ ಕೊಡತಕ್ಕದ್ದು.

ಎರಡು ವಾರ ಕಳೆದರೂ ದುಃಖ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಅದೇ ದಿನ ಕರೆದೊಯ್ಯಿರಿ, ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು. ವ್ಯಸನಮುಕ್ತಿಗೆಂದೇ ಇರುವ ಸಂಖ್ಯೆ 14446.

ಎಡವಿದರೆ

ಎಡವಿದರೆ ಮುಚ್ಚಿಡಬೇಡಿ. ಅಂದೇ ಮನೆಯಲ್ಲಿ ಹೇಳಿ, ವೈದ್ಯರ ಬಳಿಗೆ ಹೋಗಿ, ಪಾಪನಿವೇದನೆಗೆ ಬನ್ನಿ. ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ 1884ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಮೊದಲು ಮಾಡಿದ್ದು ಕೇವಲ ಮೂರು ತಿಂಗಳಿಗೆ. ಆ ತಿಂಗಳುಗಳು ಅವರಿಗೂ ಬಹಳ ಕಷ್ಟವಾಗಿದ್ದವು. ಆಮೇಲೆ ಅದನ್ನು ಮುಂದುವರಿಸಿ, ಕೊನೆಗೆ ಜೀವಮಾನಕ್ಕೆಲ್ಲ ಮಾಡಿದರು. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ತೀರಿಕೊಂಡರು. 1975ರಲ್ಲಿ ಧರ್ಮಸಭೆ ಅವರನ್ನು “ಪೂಜ್ಯ”ರೆಂದು ಘೋಷಿಸಿತು. ಜೀವಮಾನದ ಭಾರವನ್ನು ಇಂದೇ ಹೊರಬೇಕಾಗಿಲ್ಲ. ಇಂದಿನದು ಇಂದಿಗೆ ಸಾಕು.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಕುಡಿತ ಬಿಟ್ಟವರನ್ನು ನಾವು ಹೇಗೆ ಮಾತನಾಡಿಸುತ್ತೇವೆ? ಅನುಮಾನದಿಂದಲೋ, ಆದರದಿಂದಲೋ?

2. ಮದುವೆ, ನಾಮಕರಣ, ಕ್ರಿಸ್ಮಸ್ ಹಬ್ಬಗಳಲ್ಲಿ ಅವರು ಮುಜುಗರವಿಲ್ಲದೆ ಕುಳಿತುಕೊಳ್ಳುವಂತೆ ನಾವು ಏನು ಮಾಡಬಹುದು?

ಪ್ರಾರ್ಥನೆ: ಪ್ರಭು ಯೇಸುವೇ, ಕುರುಡನನ್ನು ಎರಡನೆಯ ಸಲವೂ ಮುಟ್ಟಿದಿರಿ. ಬಿಟ್ಟೂ ಬಿಡದ ನೋವಿನಲ್ಲಿರುವ ನಮ್ಮ ಸಹೋದರರನ್ನು ಮುಟ್ಟಿರಿ. ಅವರೊಡನೆ ಕಾಯುವ ತಾಳ್ಮೆಯನ್ನು ನಮಗೂ ಕೊಡಿರಿ. ಆಮೆನ್.