ನೀರಿನಡಿಯಲ್ಲಿ ಉಸಿರು ಬಿಗಿಹಿಡಿಯಬಾರದೇಕೆ?

ಬಾವಿಗೆ ಧುಮುಕಿ ಈಜು ಕಲಿತ ನಮ್ಮಲ್ಲಿ ಅನೇಕರಿಗೆ, ನೀರಿನೊಳಗೆ ಉಸಿರು ಬಿಗಿಹಿಡಿಯುವುದೇ ಮೊದಲ ಪಾಠ. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವವನಿಗೆ ಆ ಪಾಠವೇ ಪ್ರಾಣಕ್ಕೆ ಮುಳುವಾಗಬಹುದು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಮೀನು ಹವಳಗಳನ್ನು ನೋಡಲು ಮುಳುಗುವವರು ನಮ್ಮ ನಾಡಿನಲ್ಲಿಯೂ ಇರುವುದರಿಂದ ಇದರ ಕಾರಣವನ್ನು ವಿಚಾರಮಾಡೋಣ.

ಸಮುದ್ರಮಟ್ಟದಲ್ಲಿ ನಮ್ಮ ಮೇಲೆ ಒಂದು ವಾಯುಮಂಡಲದಷ್ಟು ಒತ್ತಡವಿರುತ್ತದೆ. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಸುಮಾರು ಅಷ್ಟೇ ಒತ್ತಡ ಮತ್ತೆ ಕೂಡಿಕೊಳ್ಳುತ್ತದೆ. ಉಷ್ಣತೆ ಬದಲಾಗದಿದ್ದರೆ, ಒತ್ತಡ ಇಮ್ಮಡಿಯಾದಾಗ ಅನಿಲದ ಗಾತ್ರ ಅರ್ಧವಾಗುವುದೆಂಬ ನಿಯಮವನ್ನು ರಾಬರ್ಟ್ ಬಾಯ್ಲನು 1662ರಲ್ಲಿ ಪ್ರಕಟಿಸಿದನು. ಬಾವಿಯ ಈಜುಗಾರನು ಮೇಲಿನಿಂದಲೇ ಗಾಳಿ ತುಂಬಿಕೊಂಡು ಹೋಗುತ್ತಾನೆ. ಅದು ಕೆಳಗೆ ಕುಗ್ಗಿ, ಅವನು ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನವನ ಸಂಗತಿ ಬೇರೆ. 1943ರಲ್ಲಿ ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ ಎಂಬಿಬ್ಬರು ರೂಪಿಸಿದ ಬಗೆಯ ರೆಗ್ಯುಲೇಟರು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿಯನ್ನು ಒದಗಿಸುತ್ತದೆ. 10 ಮೀಟರು ಆಳದಲ್ಲಿ ಎದೆತುಂಬ ಉಸಿರೆಳೆದು, ಅದನ್ನು ಹೊರಬಿಡದೆ ಮೇಲೇರಿದರೆ ಆ ಗಾಳಿ ಎರಡರಷ್ಟಾಗಲು ಹವಣಿಸುತ್ತದೆ. ಆಗ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆಗಳು ರಕ್ತದೊಡನೆ ಮೆದುಳನ್ನು ಸೇರಬಹುದು.

ಇನ್ನೊಂದು ಅಂಶವನ್ನು ಗಮನಿಸಬೇಕು. 30 ಮೀಟರಿನಿಂದ 20 ಮೀಟರಿಗೆ ಬಂದಾಗ ಗಾಳಿಯು ಮೂರರಲ್ಲೊಂದು ಪಾಲಿನಷ್ಟು ಮಾತ್ರ ಹಿಗ್ಗುತ್ತದೆ. ಕೊನೆಯ 10 ಮೀಟರಿನಲ್ಲಿಯೋ ಇಮ್ಮಡಿಯಾಗುತ್ತದೆ. ಬೆಳಕು ಕಂಡಿತೆಂದು ಮನುಷ್ಯನು ಅವಸರಪಡುವುದೂ ಅಲ್ಲಿಯೇ! ಆದುದರಿಂದ ಉಸಿರಾಟವನ್ನು ಎಂದೂ ನಿಲ್ಲಿಸದೆ, ನಿಮಿಷಕ್ಕೆ 9 ಮೀಟರು ಮೀರದಂತೆ ಏರಬೇಕು. 5 ಮೀಟರು ಆಳದಲ್ಲಿ ಮೂರು ನಿಮಿಷ ತಂಗಿದರೆ, ರಕ್ತದಲ್ಲಿ ಕರಗಿದ ನೈಟ್ರೊಜನ್ನೂ ನಿಧಾನವಾಗಿ ಹೊರಬೀಳಲು ಅವಕಾಶವಾಗುತ್ತದೆ.

ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುವ ಪ್ರಸಂಗ ಬರುವುದು ಗಾಳಿ ಸಿಗದ ಗಾಬರಿಯಲ್ಲಿ. ಅದಕ್ಕಾಗಿಯೇ ಉಪಕರಣದ ಆರೈಕೆಯನ್ನು ನಾವು ಬರಿಯ ಶುಚಿತ್ವದ ಮಾತೆಂದು ಎಣಿಸುವುದಿಲ್ಲ. ಸಮುದ್ರದ ನೀರು ಆರಿದಾಗ ಉಳಿಯುವ ಉಪ್ಪಿನ ಹರಳುಗಳು ರೆಗ್ಯುಲೇಟರಿನ ಕವಾಟಗಳನ್ನು ಕೆಡಿಸುತ್ತವೆ. ಉಪ್ಪು ಒಣಗುವ ಮೊದಲೇ ಅದನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು; ಅದಕ್ಕೂ ಮುನ್ನ, ಸಿಲಿಂಡರಿಗೆ ಕೂಡುವ ಬಾಯಿಗೆ ಒರೆಸಿ ಒಣಗಿಸಿದ ಮುಚ್ಚಳವನ್ನು ಬಿಗಿಯಬೇಕು. ತೊಳೆಯುವಾಗ ಗಾಳಿಬಿಡುವ ಗುಂಡಿಯನ್ನು ಒತ್ತಿದರೆ ನೀರು ಒಳಹೊಗುತ್ತದೆ. ಒಣಗಿಸುವುದು ನೆರಳಿನಲ್ಲಿಯೇ ಆಗಬೇಕು, ಬಿಸಿಲು ರಬ್ಬರಿಗೆ ಶತ್ರು.

ಉಕ್ಕಿನ ಸಿಲಿಂಡರನ್ನು ಪೂರ್ತಿ ಬರಿದುಮಾಡದೆ ತುಸು ಗಾಳಿಯನ್ನು ಉಳಿಸಿದರೆ ತೇವ ಒಳಸೇರದು. ಸೇರಿತೋ, ಒಳಗೆ ಹಿಡಿಯುವ ತುಕ್ಕು ಗಾಳಿಯಲ್ಲಿನ ಆಮ್ಲಜನಕವನ್ನೇ ಹೀರುತ್ತದೆ. ಬಹುಕಾಲ ಮೂಲೆಯಲ್ಲಿದ್ದ ಸಿಲಿಂಡರನ್ನು ಒಳಗೆ ಪರೀಕ್ಷಿಸಿ, ಹೊಸ ಗಾಳಿ ತುಂಬಿಸಿದ ಮೇಲೆಯೇ ನೀರಿಗೆ ಒಯ್ಯಬೇಕು.