ಅಣ್ಣನ ಕಣ್ಣಿನಲ್ಲಿ ಗಡ್ಡೆ ಇದ್ದರೆ ತಂಗಿಯ ಕಣ್ಣನ್ನೂ ತೋರಿಸಿ



ಮನೆ ಭೇಟಿಗೆ ಹೋದಾಗ ಒಬ್ಬ ತಾಯಿ ಅಳುತ್ತಾ ಹೇಳಿದ ಮಾತು ಇನ್ನೂ ನೆನಪಿದೆ: "ಸಿಸ್ಟರ್, ಬಸುರಿಯಾಗಿದ್ದಾಗ ನಾನು ಗ್ರಹಣ ನೋಡಿದ್ದಕ್ಕೇ ಮಗು ಕಣ್ಣಿಗೆ ಹೀಗಾಯ್ತು ಅಂತ ಅತ್ತೆ ಬೈತಾರೆ." ಆ ಮಗುವಿಗೆ ಬಂದದ್ದು ರೆಟಿನೊಬ್ಲಾಸ್ಟೊಮಾ, ಅಂದರೆ ಕಣ್ಣಿನ ಒಳಪರದೆಯಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆ. ಇದು ಅಪರೂಪದ ಕಾಯಿಲೆ. ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿಯ ತಪ್ಪೂ ಇಲ್ಲ.

ವಂಶದಲ್ಲಿ ಹೇಗೆ ಬರುತ್ತದೆ?

ನಮ್ಮ ಜೀವಕೋಶಗಳ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಆರ್‌ಬಿ1 ಎಂಬ ವಂಶವಾಹಿ ಇದೆ. ಅದರ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಒಂದೇ ಬಾಗಿಲಿಗೆ ಎರಡು ಚಿಲಕ ಇದ್ದ ಹಾಗೆ. ಒಂದು ಮುರಿದರೂ ಇನ್ನೊಂದು ಕಾಯುತ್ತದೆ. ಕಣ್ಣಿನ ಒಳಪರದೆಯ ಜೀವಕೋಶದಲ್ಲಿ ಎರಡೂ ಮುರಿದರೆ ಗಡ್ಡೆ ಬೆಳೆಯಬಹುದು. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಒಂದು ಚಿಲಕ ಮುರಿದಿರುತ್ತದೆ. ಅಂಥವರಿಗೆ ಕಾಯಿಲೆ ಬೇಗ ಬರುತ್ತದೆ, ಅನೇಕ ಸಲ ಎರಡೂ ಕಣ್ಣಿಗೆ. ಅಮೆರಿಕದ ಡಾ. ಆಲ್ಫ್ರೆಡ್ ನಡ್ಸನ್ ಅವರು 48 ರೋಗಿಗಳ ವಿವರ ನೋಡಿ 1971ರಲ್ಲಿ ಇದನ್ನು ತಿಳಿಸಿದರು.

ತಂದೆಯಿಂದಲೂ ಬರುತ್ತದೆ. 1872ರಲ್ಲಿ ಬ್ರೆಜಿಲ್ ದೇಶದ ವೈದ್ಯರೊಬ್ಬರು ಒಬ್ಬ ಹುಡುಗನ ಕಣ್ಣು ತೆಗೆದು ಜೀವ ಉಳಿಸಿದರು. ಅವನು ಬೆಳೆದು ಮದುವೆಯಾದ ಮೇಲೆ ಅವನ ಇಬ್ಬರು ಹೆಣ್ಣುಮಕ್ಕಳಿಗೂ ಇದೇ ಗಡ್ಡೆ ಬಂತು.

ಈ ಕಾಯಿಲೆ ಬಂದ 10 ಮಕ್ಕಳಲ್ಲಿ ಸುಮಾರು 4 ಮಕ್ಕಳದು ಮುಂದಿನ ಪೀಳಿಗೆಗೆ ದಾಟಬಲ್ಲ ಬಗೆ. ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಮೊದಲು ಯಾರಿಗೂ ಈ ಕಾಯಿಲೆ ಇರುವುದಿಲ್ಲ. ಆದ್ದರಿಂದ "ನಮ್ಮ ವಂಶದಲ್ಲಿ ಇಲ್ಲ" ಎಂದು ಸುಮ್ಮನಿರಬೇಡಿ. ಇಂಥ ಮಕ್ಕಳಿಗೆ ಮುಂದೆ ಮೂಳೆಯ ಕ್ಯಾನ್ಸರ್ ಬರುವ ಅಪಾಯವೂ ಇದೆ. ಬೇರೆ ಬೇರೆ ಜಾಗದ ಗಡ್ಡೆ, ಬೇರು ಮಾತ್ರ ಒಂದೇ. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಹಳೆಯ ಕಾಯಿಲೆಯ ವಿಷಯ ಹೇಳಿ. ಮೂಳೆ ನೋವು, ಊತ ಕಂಡರೆ ಅಲಕ್ಷ್ಯ ಮಾಡಬೇಡಿ.

ಗುರುತುಗಳು

* ಕಣ್ಣಿನ ಪಾಪೆ ಬೆಳ್ಳಗೆ, ಬೆಕ್ಕಿನ ಕಣ್ಣಿನಂತೆ ಹೊಳೆಯುವುದು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಇದು ಕಾಣಬಹುದು.
* ಮೆಳ್ಳೆಗಣ್ಣು.
* ಕಣ್ಣು ಕೆಂಪಾಗುವುದು, ಊದಿಕೊಳ್ಳುವುದು.

ನಾವೇನು ಮಾಡಬೇಕು?

* ಗುರುತು ಕಂಡ ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಿ. ನಾಟಿ ಔಷಧಿ ಎಂದು ದಿನ ಕಳೆಯಬೇಡಿ.
* ಒಂದು ಮಗುವಿಗೆ ಬಂದಿದ್ದರೆ ಅಣ್ಣ, ತಮ್ಮ, ತಂಗಿಯರ ಕಣ್ಣನ್ನೂ ಪರೀಕ್ಷಿಸಿ. ಮುಂದೆ ಹುಟ್ಟುವ ಮಗುವಿಗೆ ಹುಟ್ಟಿದ ಕೂಡಲೇ ಪರೀಕ್ಷೆ ಬೇಕು. ವಂಶವಾಹಿ ಪರೀಕ್ಷೆಯ ಬಗ್ಗೆಯೂ ಕೇಳಿ.
* ಬೇಗ ಗೊತ್ತಾದರೆ ಕಣ್ಣನ್ನೂ ಉಳಿಸಬಹುದು. ಕಣ್ಣು ತೆಗೆಯಲೇಬೇಕು ಎಂದು ವೈದ್ಯರು ಹೇಳಿದರೆ ಮಗುವನ್ನು ಬಿಡಿಸಿಕೊಂಡು ಮನೆಗೆ ಬರಬೇಡಿ. ಕಣ್ಣಿಗಿಂತ ಜೀವ ದೊಡ್ಡದು.

ಸಭೆಯಲ್ಲಿ ಚರ್ಚಿಸಿ

1. ಮಗುವಿನ ಕಾಯಿಲೆಗೆ ನಾವು ತಾಯಿಯನ್ನೇ ಏಕೆ ದೂರುತ್ತೇವೆ?
2. ನಮ್ಮ ಸಂಘದ ಸದಸ್ಯೆಗೆ ಇಂಥ ಕಷ್ಟ ಬಂದರೆ ಬಸ್ ಖರ್ಚಿಗೆ, ಸಾಲಕ್ಕೆ, ಆಸ್ಪತ್ರೆಗೆ ಜೊತೆ ಹೋಗಲಿಕ್ಕೆ ಯಾರು ಮುಂದೆ ಬರುತ್ತೀರಿ?